ಬ್ರೇಕ್ ಪೆಡಲ್ ಮೆತ್ತಗಾಗಿದೆಯಾ? ಏರ್ ತೆಗೆಯುವ ಮುಂಚೆ ಇಷ್ಟು ನೋಡಿ

ಚಾಮುಂಡಿ ಬೆಟ್ಟ ಇಳಿದು ಕೊನೆಯ ತಿರುವಿಗೆ ಬಂದಿದ್ದೆ. ಬ್ರೇಕ್ ಒತ್ತಿದೆ. ಪೆಡಲ್ ಯಾವಾಗಲೂ ನಿಲ್ಲುವ ಜಾಗದಲ್ಲಿ ನಿಲ್ಲಲಿಲ್ಲ. ಇನ್ನೂ ಎರಡು ಬೆರಳಿನಷ್ಟು ಕೆಳಗಿಳಿದು, ನಾದಿದ ಹಿಟ್ಟಿನ ಮೇಲೆ ಕಾಲಿಟ್ಟ ಹಾಗೆ ಮೆತ್ತಗಾಯಿತು. ಬಿಟ್ಟು ಮತ್ತೆ ಒತ್ತಿದಾಗ ಗಾಡಿ ನಿಂತಿತು. ಪಕ್ಕಕ್ಕೆ ಹಾಕಿ ಅರ್ಧ ಗಂಟೆ ಕೂತೆ. ಆಮೇಲೆ ಒತ್ತಿ ನೋಡಿದರೆ ಪೆಡಲ್ ಮೊದಲಿನ ಹಾಗೇ ಇತ್ತು.

ಗಾಡಿ 1960ರ ದಶಕದ ಎಂಜಿಬಿ. ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು, 1798 ಸಿಸಿ ಎಂಜಿನ್. ಮುಂದೆ ಡಿಸ್ಕ್ ಬ್ರೇಕ್ (ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಎರಡು ಪ್ಯಾಡ್ ಹಿಡಿಯುತ್ತವೆ), ಹಿಂದೆ ಡ್ರಮ್ ಬ್ರೇಕ್ (ಡ್ರಮ್ಮಿನ ಒಳಗೋಡೆಗೆ ಶೂ ಎಂಬ ಬಾಗಿದ ಪಟ್ಟಿಗಳು ಒತ್ತುತ್ತವೆ). ಕೊಡಗಿನ ಒಂದು ಕಾಫಿ ತೋಟದ ಶೆಡ್ಡಿನಿಂದ ನನ್ನ ಮನೆಗೆ ಬಂದದ್ದು. ತಂದ ದಿನದಿಂದಲೂ ಅದರ ಪೆಡಲ್ ಸ್ವಲ್ಪ ಮೆತ್ತಗೇ ಇತ್ತು. ‘ಹಳೇ ಗಾಡಿ, ಹೀಗೇ ಇರುತ್ತೆ’ ಎಂದು ನೋಡಿದವರೆಲ್ಲ ಹೇಳಿದರು, ನಾನೂ ನಂಬಿದೆ. ಅದು ತಪ್ಪು. ಸರಿಯಾಗಿರುವ ಎಂಜಿಬಿಯ ಪೆಡಲ್ ಗಟ್ಟಿಯಾಗಿರುತ್ತದೆ. ಅರವತ್ತು ವರ್ಷದ ಗಾಡಿ ಎಂಬ ಕಾರಣಕ್ಕೆ ಪೆಡಲ್ ಮೆತ್ತಗಾಗುವುದಿಲ್ಲ. ಅದಕ್ಕೆ ಏನಾದರೂ ಒಂದು ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ.

ಪೆಡಲ್ ಮೆತ್ತಗಾದ ತಕ್ಷಣ ಎಲ್ಲರೂ ಹೇಳುವ ಮಾತು ‘ಏರ್ ಹಿಡಿದಿದೆ, ಬ್ಲೀಡ್ ಮಾಡಿಸಿ’, ಅಂದರೆ ಬ್ರೇಕ್ ಆಯಿಲಿನ ಪೈಪಿನಲ್ಲಿ ಸೇರಿದ ಗಾಳಿ ಹೊರಗೆ ತೆಗೆಸಿ. ಹಲವು ಸಲ ಅದು ನಿಜವೂ ಹೌದು. ಆದರೆ ಏರ್ ಎಲ್ಲಿಂದ ಬಂತು? ಮುಚ್ಚಿದ ಪೈಪಿನೊಳಗೆ ಗಾಳಿ ತಾನಾಗಿ ಹುಟ್ಟುವುದಿಲ್ಲ ಅಲ್ವಾ? ಕಾರಣ ನೋಡದೆ ಬ್ಲೀಡ್ ಮಾಡಿದರೆ ಪೆಡಲ್ ಒಂದು ವಾರ ಚೆನ್ನಾಗಿರುತ್ತದೆ, ಮತ್ತೆ ಅದೇ ಕಥೆ. ಅದಕ್ಕೇ ಈ ಲೇಖನದಲ್ಲಿ ಬ್ಲೀಡಿಂಗ್ ಕೊನೆಗೆ ಬರುತ್ತದೆ.

ಮೊದಲು ಗಾಡಿ ನಿಲ್ಲಿಸಿ

ಪೆಡಲ್ ಮೆತ್ತಗಾದ ಗಾಡಿಯನ್ನು ರಸ್ತೆಗೆ ತೆಗೆಯಬೇಡಿ. ‘ಗ್ಯಾರೇಜ್ ಇಲ್ಲೇ ಹತ್ತಿರ, ನಿಧಾನಕ್ಕೆ ಹೋಗ್ತೀನಿ’ ಎಂದು ಹೊರಡುವುದೂ ಬೇಡ. ಆ ಕಾಲದ ಬಹಳಷ್ಟು ಕಾರುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಆಯಿಲ್ ಲೈನ್. ಒಂದು ಕಡೆ ಆಯಿಲ್ ಸೋರಿ ಹೋದರೆ ನಾಲ್ಕೂ ಬ್ರೇಕ್ ಹೋದ ಹಾಗೆ. ಕಬ್ಬಿನ ಸೀಸನ್‌ನಲ್ಲಿ ಮಂಡ್ಯ ಕಡೆ ಸಂಜೆ ಓಡಾಡಿದವರಿಗೆ ಗೊತ್ತಿರುತ್ತದೆ, ಹಿಂದೆ ದೀಪವೇ ಇಲ್ಲದ ಟ್ರೇಲರ್ ಎಷ್ಟು ಹತ್ತಿರ ಬಂದ ಮೇಲೆ ಕಣ್ಣಿಗೆ ಬೀಳುತ್ತದೆ ಅಂತ. ಆಗ ಕೈಬ್ರೇಕ್ ನೆಚ್ಚಿಕೊಳ್ಳುವ ಹಾಗಿಲ್ಲ.

ಗಾಡಿ ಸಮತಟ್ಟಾದ ನೆಲದ ಮೇಲಿರಲಿ. ಚಕ್ರಕ್ಕೆ ಮರದ ತುಂಡು ಕೊಡಿ. ಜಾಕ್ ಎತ್ತುವುದಕ್ಕೆ ಮಾತ್ರ. ಎತ್ತಿದ ಮೇಲೆ ಗಟ್ಟಿ ಸ್ಟ್ಯಾಂಡ್ ಕೊಡದೆ ಗಾಡಿಯ ಕೆಳಗೆ ಕೈಯನ್ನೂ ಹಾಕಬೇಡಿ. ಹಳೆಯ ಲೈನರ್‌ಗಳಲ್ಲಿ (ಶೂವಿನ ಮೇಲಿರುವ, ಡ್ರಮ್ಮಿಗೆ ಉಜ್ಜುವ ಪದರ) ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರಬಹುದು. ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನು ಏರ್ ಗನ್‌ನಲ್ಲಾಗಲಿ ಬಾಯಿಂದಾಗಲಿ ಊದಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿಗೆ ಹಾಕಿ ಕಟ್ಟಿ ಎಸೆಯಿರಿ. ಬ್ರೇಕ್ ಆಯಿಲ್ ಪೇಂಟನ್ನು ತಿಂದುಬಿಡುತ್ತದೆ. ಬಿದ್ದ ತಕ್ಷಣ ಜಾಸ್ತಿ ನೀರು ಹುಯ್ದು ತೊಳೆಯಿರಿ. ಪಕ್ಕದಲ್ಲೇ ಒಂದು ಬಕೆಟ್ ನೀರು ಇಟ್ಟುಕೊಂಡೇ ಕೆಲಸ ಶುರು ಮಾಡಿ.

ಕಾಲಿನಿಂದ ಮಾಡುವ ಪರೀಕ್ಷೆ

ಮೆಡಿಕಲ್ ಶಾಪಿನಿಂದ ಒಂದು ಸಿರಿಂಜ್ ತನ್ನಿ. ಸೂಜಿ ಬೇಡ. ಗುಳ್ಳೆ ಇಲ್ಲದ ಹಾಗೆ ನೀರು ತುಂಬಿ, ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಿ. ಕಲ್ಲಿನ ಹಾಗೆ ನಿಲ್ಲುತ್ತದೆ. ಈಗ ಕಡಲೆಕಾಳಿನಷ್ಟು ಗಾಳಿ ಸೇರಿಸಿ ಮತ್ತೆ ಒತ್ತಿ. ಒತ್ತಿದಷ್ಟೂ ಒಳಗೆ ಹೋಗಿ, ಬಿಟ್ಟರೆ ವಾಪಸ್ ಬರುತ್ತದೆ. ಬ್ರೇಕ್ ಲೈನಿನೊಳಗೆ ಆಗುವುದೂ ಇದೇ. ಆಯಿಲ್ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ.

ಇನ್ನೊಂದು ಮಾತು. ಪೆಡಲ್ ಕೆಳಗೆ ಹೋಗುವುದು ಬೇರೆ, ಮೆತ್ತಗಿರುವುದು ಬೇರೆ, ಹಿಡಿದಾಗ ಜಾರುವುದು ಬೇರೆ. ಮೂರನ್ನೂ ‘ಬ್ರೇಕ್ ಸರಿ ಇಲ್ಲ’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಯಾವುದು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಎಂಜಿನ್ ಆಫ್ ಮಾಡಿ. ಬೂಸ್ಟರ್ (ಎಂಜಿನ್ನಿನ ವ್ಯಾಕ್ಯೂಮಿನಿಂದ ಕಾಲಿನ ಒತ್ತಿಗೆ ಬಲ ಸೇರಿಸುವ ಭಾಗ) ಇರುವ ಗಾಡಿಯಾದರೆ ನಾಲ್ಕೈದು ಸಲ ಪೆಡಲ್ ಒತ್ತಿ ಅದರೊಳಗಿನ ವ್ಯಾಕ್ಯೂಮ್ ಖಾಲಿ ಮಾಡಿ. ಕೈಯಲ್ಲಿ ಒಂದು ಚೀಟಿ, ಪೆನ್ನು ಇರಲಿ. ಪ್ರತಿ ಸಲ ಅನ್ನಿಸಿದ್ದನ್ನು ಬರೆದುಕೊಳ್ಳಿ.

ಮೊದಲು ಒಂದೇ ಸಲ ಒತ್ತಿ ಹಿಡಿಯಿರಿ. ಸ್ಪಂಜಿನ ಹಾಗೆ, ಜೋರು ಮಾಡಿದಷ್ಟೂ ಕೆಳಗೆ ಹೋಗುತ್ತಿದ್ದರೆ ಮೂರು ಅನುಮಾನ: ಲೈನಿನಲ್ಲಿ ಗಾಳಿ, ಒತ್ತಡಕ್ಕೆ ಉಬ್ಬುವ ಹಳೆಯ ರಬ್ಬರ್ ಹೋಸ್, ಇಲ್ಲವೇ ಡ್ರಮ್ಮಿಗೆ ಸರಿಯಾಗಿ ಕೂರದ ಹೊಸ ಲೈನರ್.

ಎರಡನೆಯದು, ಬೇಗಬೇಗ ಮೂರು ನಾಲ್ಕು ಸಲ ಪಂಪ್ ಹೊಡೆಯಿರಿ. ಪೆಡಲ್ ಮೇಲೆ ಬರುತ್ತದೆಯಾ? ಬಂದರೆ, ಮೇಲೆ ಬಂದ ಮೇಲೆ ಹೇಗಿದೆ ಎಂದು ಗಮನಿಸಿ. ಗಟ್ಟಿಯಾಗಿ ನಿಂತರೆ ಗಾಳಿಯ ಅನುಮಾನ ಕಡಿಮೆ. ಶೂಗೂ ಡ್ರಮ್ಮಿಗೂ ನಡುವೆ, ಅಥವಾ ಪ್ಯಾಡಿಗೂ ಡಿಸ್ಕಿಗೂ ನಡುವೆ ಜಾಗ ಜಾಸ್ತಿಯಾಗಿದೆ. ಮೇಲೆ ಬಂದರೂ ಸ್ಪ್ರಿಂಗ್ ಹಾಗೆ ಕುಣಿಯುತ್ತಿದ್ದರೆ ಗಾಳಿ.

ಮೂರನೆಯದಕ್ಕೆ ತಾಳ್ಮೆ ಬೇಕು. ಪೆಡಲ್ ಮೇಲೆ ಹಗುರವಾಗಿ ಕಾಲಿಟ್ಟು ಪೂರ್ತಿ ಒಂದು ನಿಮಿಷ ಹಿಡಿಯಿರಿ, ಸಿಗ್ನಲ್‌ನಲ್ಲಿ ನಿಂತಾಗ ಹಿಡಿಯುವಷ್ಟು ಹಗುರ. ಆಮೇಲೆ ಜೋರಾಗಿ ಒಂದು ನಿಮಿಷ. ಎರಡರಲ್ಲಿ ಯಾವುದರಲ್ಲಾದರೂ ಪೆಡಲ್ ಮೆಲ್ಲಗೆ ನೆಲದ ಕಡೆಗೆ ಜಾರಿದರೆ, ಒಂದೋ ಎಲ್ಲೋ ಸೋರುತ್ತಿದೆ, ಇಲ್ಲ ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಆಯಿಲನ್ನು ಪೈಪಿಗೆ ತಳ್ಳುವ ಸಿಲಿಂಡರ್) ಒಳಗಿನ ರಬ್ಬರ್ ಕಪ್ ಆಯಿಲನ್ನು ಹಿಂದಕ್ಕೆ ಬಿಡುತ್ತಿದೆ. ಸವೆದ ಕಪ್ ಹಗುರ ಒತ್ತಡದಲ್ಲಿ ಬಿಟ್ಟು, ಜೋರು ಒತ್ತಿದಾಗ ಗೋಡೆಗೆ ಅಂಟಿಕೊಂಡು ಹಿಡಿಯುವುದೂ ಉಂಟು. ಜೋರಾಗಿ ಮಾತ್ರ ಒತ್ತಿ ನೋಡಿದವರಿಗೆ ಇದು ಸಿಗುವುದೇ ಇಲ್ಲ.

ನಾಲ್ಕನೆಯದು ತುಂಬ ಸುಲಭ. ಕೈಬ್ರೇಕ್ ಬಿಗಿಯಾಗಿ ಎಳೆದು ಪೆಡಲ್ ಒತ್ತಿ, ಆಮೇಲೆ ಕೈಬ್ರೇಕ್ ಬಿಟ್ಟು ಒತ್ತಿ. ಎಳೆದಾಗ ಪೆಡಲ್ ಮೇಲೇ ನಿಂತು, ಬಿಟ್ಟಾಗ ಕೆಳಗೆ ಹೋದರೆ ಹಿಂದಿನ ಡ್ರಮ್ ಅಡ್ಜಸ್ಟ್ ಆಗಬೇಕು. ಒಂದು ರೂಪಾಯಿ ಖರ್ಚಿಲ್ಲದೆ ಐದು ಸೆಕೆಂಡಿನಲ್ಲಿ ಸಿಗುವ ಉತ್ತರ ಇದು.

ಎಲ್ಲಿ ಒದ್ದೆ ಇದೆ ನೋಡಿ

ಈಗ ಟಾರ್ಚ್ ಹಿಡಿದು ಸುತ್ತ ನೋಡಿ. ಮಾಸ್ಟರ್ ಸಿಲಿಂಡರಿನ ಡಬ್ಬಿಯಲ್ಲಿ ಆಯಿಲ್ ಎಷ್ಟಿದೆ, ಯಾವ ಬಣ್ಣ ಇದೆ? ಹೊಸ ಆಯಿಲ್ ಹರಳೆಣ್ಣೆಯ ಹಾಗೆ ತಿಳಿ ಹಳದಿ. ನನ್ನ ಗಾಡಿಯಲ್ಲಿ ಇದ್ದದ್ದು ಕಾಫಿ ಡಿಕಾಕ್ಷನ್ ಬಣ್ಣದ್ದು.

ಪೆಡಲ್ ಕಡ್ಡಿಯ ಮೇಲ್ತುದಿಗೆ, ಡ್ಯಾಶಿನ ಕೆಳಗೆ, ಕೈ ಹಾಕಿ ಬೆರಳಾಡಿಸಿ. ಮಾಸ್ಟರ್ ಸಿಲಿಂಡರ್ ಹಿಂದಿನಿಂದ ಸೋರಿದರೆ ಆಯಿಲ್ ಅಲ್ಲಿಂದ ಇಳಿದು ಕಾರ್ಪೆಟ್ ಕೆಳಗೆ ಸೇರುತ್ತದೆ. ಕಾರ್ಪೆಟ್ ಎತ್ತಿ ನೋಡಿ. ಅಲ್ಲಿ ಪೇಂಟ್ ಸುಕ್ಕುಗಟ್ಟಿ ಎದ್ದಿದ್ದರೆ ಬೇರೆ ಸಾಕ್ಷಿ ಬೇಡ. ಬೂಸ್ಟರ್ ಇರುವ ಗಾಡಿಗಳಲ್ಲಿ ಈ ಸೋರಿಕೆ ಬೂಸ್ಟರಿನೊಳಗೇ ಹೋಗಿಬಿಡಬಹುದು. ಹೊರಗೆ ಒಂದು ಹನಿ ಕಾಣದಿದ್ದರೂ ಡಬ್ಬಿ ಮಾತ್ರ ಖಾಲಿಯಾಗುತ್ತಿರುತ್ತದೆ. ಕೆಲವು ಹಳೆಯ ಗಾಡಿಗಳಲ್ಲಿ ಬ್ರೇಕ್ ಲೈಟಿನ ಸ್ವಿಚ್ ಕೂಡ ಆಯಿಲ್ ಲೈನಿಗೇ ಸೇರಿಕೊಂಡಿರುತ್ತದೆ. ಅದರ ವೈರ್ ಕಿತ್ತು, ತುದಿ ಒದ್ದೆ ಇದೆಯಾ ನೋಡಿ.

ಆಮೇಲೆ ಚಕ್ರಗಳು. ಟೈರಿನ ಒಳಮಗ್ಗುಲಲ್ಲಿ ಒದ್ದೆ ಗೆರೆ ಇದ್ದರೆ ಡ್ರಮ್ ಬಿಚ್ಚಿ. ಶೂಗಳನ್ನು ಡ್ರಮ್ಮಿನ ಕಡೆಗೆ ತಳ್ಳುವ ವೀಲ್ ಸಿಲಿಂಡರಿನ ಎರಡೂ ಕಡೆ ಧೂಳು ತಡೆಯುವ ರಬ್ಬರ್ ಟೊಪ್ಪಿ ಇರುತ್ತದೆ. ಅದರ ಅಂಚನ್ನು ಸಣ್ಣ ಸ್ಕ್ರೂಡ್ರೈವರಿನಲ್ಲಿ ಮೆಲ್ಲಗೆ ಎತ್ತಿ. ಒಳಗೆ ಒದ್ದೆ ಇದ್ದರೆ ಕಪ್ ಹೋಗಿದೆ ಎಂದೇ ಅರ್ಥ, ಹೊರಗೆ ಇನ್ನೂ ಸೋರದಿದ್ದರೂ ಸರಿ.

ಹಿಂದಿನ ಚಕ್ರದಲ್ಲಿ ಒಂದು ಗೊಂದಲ ಆಗುತ್ತದೆ. ಆ್ಯಕ್ಸಲ್ ಆಯಿಲ್ ಕೂಡ ಅಲ್ಲಿಗೇ ಬರಬಹುದು. ಯಾವುದು ಯಾವುದು ಎಂದು ತಿಳಿಯಲು ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು ಆ ಆಯಿಲಿನ ಒಂದು ಹನಿ ಬಿಡಿ. ಸಾಮಾನ್ಯ ಬ್ರೇಕ್ ಆಯಿಲ್ ನೀರಿನಲ್ಲಿ ಕರಗಿ ಹೋಗುತ್ತದೆ. ಆ್ಯಕ್ಸಲ್ ಆಯಿಲ್ ಮೇಲೆ ತೇಲಿ ಕಾಮನಬಿಲ್ಲಿನ ಹಾಗೆ ಹರಡುತ್ತದೆ, ಗಂಧಕದ ವಾಸನೆಯೂ ಬರುತ್ತದೆ. ಯಾವುದೇ ಆಗಲಿ, ಆಯಿಲ್ ಕುಡಿದ ಲೈನರ್ ಮತ್ತೆ ಬಳಕೆಗೆ ಬರುವುದಿಲ್ಲ. ತೊಳೆದು ಒಣಗಿಸಿ ಹಾಕಬೇಡಿ.

ಗಾಳಿ ಯಾವ ಮೂಲೆಯಲ್ಲಿದೆ?

ಸೋರಿಕೆ ಎಲ್ಲೂ ಇಲ್ಲ, ಆದರೂ ಮೆತ್ತಗಿದೆ ಎಂದರೆ ಹೋಸ್ ಕ್ಲ್ಯಾಂಪ್ ಪರೀಕ್ಷೆ ಮಾಡಿ. ನನಗೆ ಇದರ ಮೇಲೆ ನಂಬಿಕೆ ಜಾಸ್ತಿ. ಎಂಜಿಬಿಯಲ್ಲಿ ರಬ್ಬರ್ ಹೋಸ್ ಮೂರು. ಮುಂದಿನ ಚಕ್ರಕ್ಕೆ ಒಂದೊಂದು, ಹಿಂದಿನ ಆ್ಯಕ್ಸಲಿಗೆ ಸೇರಿ ಒಂದು. ಮೂರಕ್ಕೂ ಹೋಸ್ ಹಿಡಿಯಲೆಂದೇ ಮಾಡಿದ, ದುಂಡು ಅಂಚಿನ ಕ್ಲ್ಯಾಂಪ್ ಹಾಕಿ. ಬರೀ ಗ್ರಿಪ್ ಪ್ಲೈಯರ್ ಹಾಕಿದರೆ ಒಳಪದರ ಸೀಳಿಹೋಗುತ್ತದೆ. ಈಗ ಪೆಡಲ್ ಒತ್ತಿ.

ಮೂರನ್ನೂ ಮುಚ್ಚಿದ ಮೇಲೂ ಮೆತ್ತಗಿದ್ದರೆ ತೊಂದರೆ ಮಾಸ್ಟರ್ ಸಿಲಿಂಡರಿನಲ್ಲಿ, ಅಥವಾ ಅಲ್ಲಿಂದ ಹೋಸಿನವರೆಗಿನ ಪೈಪಿನಲ್ಲಿ. ಗಟ್ಟಿಯಾಗಿ ಮೇಲೇ ನಿಂತರೆ ಮಾಸ್ಟರ್ ಸಿಲಿಂಡರ್ ಚೆನ್ನಾಗಿದೆ. ಆಮೇಲೆ ಒಂದೊಂದೇ ಕ್ಲ್ಯಾಂಪ್ ಬಿಚ್ಚುತ್ತಾ ಬನ್ನಿ. ಯಾವುದನ್ನು ಬಿಚ್ಚಿದಾಗ ಪೆಡಲ್ ಕುಸಿಯುತ್ತದೋ ಆ ಚಕ್ರವೇ ಅಪರಾಧಿ. ನನ್ನ ಗಾಡಿಯಲ್ಲಿ ಹಿಂದಿನದು ಬಿಚ್ಚಿದಾಗ ಸ್ವಲ್ಪ ಇಳಿಯಿತು. ಮುಂದಿನ ಎಡಗಡೆಯದು ಬಿಚ್ಚಿದಾಗ ಮೆತ್ತಗಾಯಿತು. ಬಲಗಡೆಯದು ಬಿಚ್ಚಿದಾಗ ಇನ್ನೂ ಮೆತ್ತಗಾಯಿತು. ಎರಡೂ ಕಡೆ ಒಂದೇ ತೊಂದರೆ ಯಾಕೆ ಎಂದು ಆಗ ಅರ್ಥವಾಗಲಿಲ್ಲ. ಅದಕ್ಕೆ ಉತ್ತರ ಮುಂದೆ ಬರುತ್ತದೆ.

ಹೋಸ್ ಬಿರುಕು ಬಿಟ್ಟಿದ್ದರೆ, ಗಟ್ಟಿಯಾಗಿ ಒಣಗಿದ್ದರೆ, ಕ್ಲ್ಯಾಂಪ್ ಹಾಕುವ ಪ್ರಯತ್ನವೇ ಬೇಡ. ಮೂರನ್ನೂ ಬದಲಾಯಿಸಿ. ಒಬ್ಬರು ಪೆಡಲ್ ಒತ್ತುವಾಗ ಹೋಸನ್ನು ಎರಡು ಬೆರಳಲ್ಲಿ ಹಿಡಿದು ನೋಡಿ. ಹಾವಿನ ಹೊಟ್ಟೆಯ ಹಾಗೆ ಉಬ್ಬಿದ್ದು ಕೈಗೆ ತಿಳಿದರೆ ಅದರ ಆಯಸ್ಸು ಮುಗಿದಿದೆ.

ಹಿಂದಿನ ಡ್ರಮ್

ಮುಂದಿನ ಚಕ್ರಕ್ಕೆ ತಡೆ ಕೊಟ್ಟು, ಕೈಬ್ರೇಕ್ ಬಿಟ್ಟು, ಹಿಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಇಡಿ. ಎಂಜಿಬಿಯಲ್ಲಿ ಡ್ರಮ್ಮಿನ ಹಿಂದಿನ ತಟ್ಟೆಯ ಮೇಲೆ ಚೌಕ ತಲೆಯ ಅಡ್ಜಸ್ಟರ್ ಇದೆ. ಅದಕ್ಕೆ ಚೌಕ ಸ್ಪ್ಯಾನರ್ರೇ ಬೇಕು. ಸಿಕ್ಕಿದ ಪಾನಾ ಹಾಕಿ ತಿರುಗಿಸಿದರೆ ತಲೆ ದುಂಡಗಾಗಿ ಆಮೇಲೆ ಯಾವುದೂ ಹಿಡಿಯುವುದಿಲ್ಲ. ಚಕ್ರ ಲಾಕ್ ಆಗುವವರೆಗೆ ಬಿಗಿ ಮಾಡಿ, ಪೆಡಲ್ ಒಂದೆರಡು ಸಲ ಒತ್ತಿಸಿ ಶೂಗಳನ್ನು ನಡುವಿಗೆ ಕೂರಿಸಿ, ಮತ್ತೆ ಬಿಗಿ ಮಾಡಿ. ಆಮೇಲೆ ಚಕ್ರ ಆರಾಮಾಗಿ ತಿರುಗುವವರೆಗೆ ಒಂದೊಂದೇ ಕ್ಲಿಕ್ ಸಡಿಲಿಸಿ. ಕೈಬ್ರೇಕಿನ ಕೇಬಲ್ ಮುಟ್ಟುವುದು ಇದೆಲ್ಲ ಆದ ಮೇಲೇ. ಮೊದಲೇ ಕೇಬಲ್ ಎಳೆದು ಬಿಗಿ ಮಾಡಿದ್ದರೆ ಶೂಗಳು ಸರಿಯಾದ ಜಾಗಕ್ಕೆ ವಾಪಸ್ ಬರುವುದಿಲ್ಲ.

ಲೈನರ್ ಹೊಸದಾಗಿ ಹಾಕಿಸಿದ ಮೇಲೆ ಪೆಡಲ್ ಮೆತ್ತಗಾಯಿತು ಎಂದರೆ, ಡ್ರಮ್ಮನ್ನು ಲೇತ್‌ನಲ್ಲಿ ಕೊಟ್ಟು ಸವೆಸಿದ್ದರೋ ಎಂದು ಕೇಳಿ. ಸವೆಸಿದ ಡ್ರಮ್ ದೊಡ್ಡದಾಗುತ್ತದೆ. ಶೂವಿನ ಬಾಗು ಹಳೆಯ ಅಳತೆಯಲ್ಲೇ ಇರುತ್ತದೆ. ಆಗ ಲೈನರಿನ ನಡುಭಾಗ ಮಾತ್ರ ತಗುಲಿ, ಪೆಡಲ್ ಒತ್ತಿದಾಗ ಶೂ ಸ್ವಲ್ಪ ಬಾಗುತ್ತದೆ. ಕಾಲಿಗೆ ಅದು ಗಾಳಿ ಇದ್ದ ಹಾಗೇ ಅನ್ನಿಸುತ್ತದೆ. ಡ್ರಮ್ ಬಿಚ್ಚಿ ಲೈನರಿನ ಮೇಲೆ ಉಜ್ಜಿದ ಗುರುತು ಎಲ್ಲಿದೆ ನೋಡಿ. ನಡುವೆ ಮಾತ್ರ ಹೊಳೆಯುತ್ತಿದ್ದರೆ ಡ್ರಮ್ಮಿನ ಅಳತೆಗೆ ಲೈನರ್ ಉಜ್ಜಿಸಬೇಕು. ಇದನ್ನು ಎಷ್ಟು ಬ್ಲೀಡ್ ಮಾಡಿದರೂ ಸರಿ ಮಾಡಲಾಗದು.

ತಿರುವಿನ ನಂತರ ಮಾತ್ರ ಪೆಡಲ್ ಕೆಳಗೆ ಹೋದರೆ

ನೇರ ರಸ್ತೆಯಲ್ಲಿ ಪೆಡಲ್ ಚೆನ್ನಾಗಿದೆ. ಜೋರಾಗಿ ತಿರುವು ತೆಗೆದ ಮೇಲೆ, ಅಥವಾ ಗುಂಡಿ ಬಿದ್ದ ರಸ್ತೆ ದಾಟಿದ ಮೇಲೆ, ಮೊದಲ ಒತ್ತು ಕೆಳಗೆ ಹೋಗುತ್ತದೆ. ಎರಡನೆಯದು ಸರಿ. ಹೀಗಿದ್ದರೆ ಮುಂದಿನ ಚಕ್ರದ ಬೇರಿಂಗ್ ನೋಡಿ. ಬೇರಿಂಗಿನಲ್ಲಿ ಆಟ ಇದ್ದರೆ ಡಿಸ್ಕ್ ಅತ್ತಿತ್ತ ಓಲಾಡಿ ಪ್ಯಾಡುಗಳನ್ನು ಒಳಕ್ಕೆ ತಳ್ಳಿಬಿಡುತ್ತದೆ. ಚಕ್ರ ಎತ್ತಿ, ಮೇಲೊಂದು ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ ನೋಡಿ. ಎಂಜಿಬಿಯ ಹಬ್‌ನಲ್ಲಿ, ಅಂದರೆ ಬೇರಿಂಗ್ ಕೂರುವ ಚಕ್ರದ ನಡುಭಾಗದಲ್ಲಿ, ಈ ಆಟವನ್ನು ಶಿಮ್ ಎಂಬ ತೆಳು ಬಿಲ್ಲೆಗಳಿಂದ ಹೊಂದಿಸುತ್ತಾರೆ. ನಟ್ ಬಿಗಿ ಮಾಡಿಬಿಟ್ಟರೆ ಆಯಿತು ಎನ್ನುವ ಕೆಲಸ ಅಲ್ಲ. ಗೊತ್ತಿರುವವರ ಕೈಯಲ್ಲೇ ಮಾಡಿಸಿ.

ಬೆಟ್ಟ ಇಳಿದ ಮೇಲೆ ಮಾತ್ರ ಮೆತ್ತಗಾದರೆ

ನನಗೆ ಆ ದಿನ ಆದದ್ದು ಇದು. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಮಳೆಗಾಲದ ಕೊಡಗಿನಲ್ಲಿ ವರ್ಷಗಟ್ಟಲೆ ನಿಂತ ಗಾಡಿಯ ಆಯಿಲಿನಲ್ಲಿ ಎಷ್ಟು ನೀರು ಸೇರಿರಬಹುದು ನೀವೇ ಯೋಚಿಸಿ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಅದರಲ್ಲಿ ನೂರಕ್ಕೆ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205 ಇದ್ದದ್ದು 140. ಇಳಿಜಾರಿನಲ್ಲಿ ಸತತವಾಗಿ ಬ್ರೇಕ್ ಒತ್ತಿಕೊಂಡೇ ಬಂದರೆ ಕ್ಯಾಲಿಪರಿನೊಳಗಿನ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಆಯಿಲ್ ಅಷ್ಟು ಬಿಸಿಯಾಗುವುದು ಕಷ್ಟವಲ್ಲ. ಕುದಿದಾಗ ಆವಿ ಗುಳ್ಳೆಗಳು ಬರುತ್ತವೆ. ಆವಿ ಕುಗ್ಗುತ್ತದೆ, ಪೆಡಲ್ ಮೆತ್ತಗಾಗುತ್ತದೆ. ತಣ್ಣಗಾದ ಮೇಲೆ ಆವಿ ಮತ್ತೆ ನೀರಾಗುತ್ತದೆ, ಪೆಡಲ್ ಸರಿಯಾಗುತ್ತದೆ. ಅದಕ್ಕೇ ಇದನ್ನು ‘ಏನೋ ಒಂದ್ಸಲ ಹಾಗಾಯ್ತು’ ಎಂದು ಬಿಟ್ಟುಬಿಡುವುದು ತುಂಬ ಅಪಾಯ.

ಇದಕ್ಕೂ ಪ್ಯಾಡ್ ಬಿಸಿಯಾಗಿ ಹಿಡಿತ ಕಳೆದುಕೊಳ್ಳುವುದಕ್ಕೂ ವ್ಯತ್ಯಾಸ ಇದೆ. ಪ್ಯಾಡ್ ಬಿಸಿಯಾದರೆ ಪೆಡಲ್ ಗಟ್ಟಿಯಾಗೇ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಆಯಿಲ್ ಕುದಿದರೆ ಪೆಡಲ್ಲೇ ಕುಸಿಯುತ್ತದೆ. ಆಯಿಲ್ ಪೂರ್ತಿ ಬದಲಾಯಿಸುವುದೊಂದೇ ದಾರಿ. ಎರಡು ವರ್ಷಕ್ಕೊಮ್ಮೆ ಬದಲಾಯಿಸುತ್ತಿರಿ. ಬೆಟ್ಟ ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಿರಿ. ಅರ್ಧ ಕೆಲಸ ಎಂಜಿನ್ ಮಾಡಲಿ.

ಮಾಸ್ಟರ್ ಸಿಲಿಂಡರ್

ಪೆಡಲ್ ಜಾರುತ್ತದೆ, ಹೊರಗೆ ಎಲ್ಲೂ ಹನಿ ಇಲ್ಲ, ಡಬ್ಬಿಯಲ್ಲಿ ಆಯಿಲ್ ಇಳಿದಿಲ್ಲ. ಹೀಗಿದ್ದರೆ ಒಳಗಿನ ಕಪ್ ಹೋಗಿದೆ. ಮುಚ್ಚಳ ತೆಗೆದು ಟಾರ್ಚ್ ಬಿಟ್ಟು, ಮುಖ ದೂರ ಇಟ್ಟುಕೊಂಡು ನೋಡಿ. ಪೆಡಲ್ ಒತ್ತಲು ಶುರು ಮಾಡಿದಾಗ ಒಂದು ಸಣ್ಣ ಚಿಲುಮೆ ಏಳುವುದು ಸಹಜ. ಒತ್ತಿ ಹಿಡಿದಿರುವಾಗಲೂ ಆಯಿಲ್ ಸುಳಿಯುತ್ತಿದ್ದರೆ ಅದು ಹಿಂದಕ್ಕೆ ಬರುತ್ತಿದೆ.

ಹೊಸ ರಬ್ಬರ್ ಕಪ್ಪುಗಳ ಕಿಟ್ ಹಾಕುವಾಗ ಸಿಲಿಂಡರಿನ ಒಳಗೋಡೆಯನ್ನು ಬೆಳಕಿಗೆ ಹಿಡಿದು ನೋಡಿ. ಉಗುರಿಗೆ ತಗುಲುವಷ್ಟು ತುಕ್ಕಿನ ಗುಳಿ ಇದ್ದರೆ ಹೊಸ ಕಪ್ ಹಾಕಿ ಪ್ರಯೋಜನ ಇಲ್ಲ. ಹೊಸ ಸಿಲಿಂಡರ್ ತರಿಸಿ, ಇಲ್ಲವೇ ಈ ಕೆಲಸ ಬಲ್ಲವರ ಹತ್ತಿರ ಒಳಗೋಡೆಗೆ ಸ್ಲೀವ್, ಅಂದರೆ ಹೊಸ ಕೊಳವೆ, ಹಾಕಿಸಿ. ‘ಇದೇ ಸೈಜ್ ಸಾರ್, ಬೇರೆ ಗಾಡಿದು, ಕೂರುತ್ತೆ’ ಎಂದು ಯಾರಾದರೂ ಕಪ್ ಕೊಟ್ಟರೆ ತೆಗೆದುಕೊಳ್ಳಬೇಡಿ. ರಬ್ಬರ್ ಭಾಗಗಳನ್ನು ಪೆಟ್ರೋಲು, ಸೀಮೆಎಣ್ಣೆಯಲ್ಲಿ ತೊಳೆಯಬೇಡಿ. ನೆನೆಹಾಕಿದ ಕಡಲೆಯ ಹಾಗೆ ಊದಿಕೊಳ್ಳುತ್ತವೆ. ಹೊಸ ಬ್ರೇಕ್ ಆಯಿಲಿನಲ್ಲೇ ತೊಳೆದು, ಅದರಲ್ಲೇ ಅದ್ದಿ ಜೋಡಿಸಿ.

ಪೆಡಲಿನಿಂದ ಸಿಲಿಂಡರಿಗೆ ಹೋಗುವ ಕಡ್ಡಿಯ ಪಿನ್ ಕೂಡ ಬಿಚ್ಚಿ ನೋಡಿ. ಎಂಜಿಬಿಯಲ್ಲಿ ಈ ಪಿನ್ ಸವೆದು, ತೂತು ಮೊಟ್ಟೆಯಾಕಾರ ಆಗಿರುವುದು ತುಂಬ ಸಾಮಾನ್ಯ. ಅಲ್ಲಿ ಒಂದೆರಡು ಮಿಲಿಮೀಟರ್ ಸವೆದರೆ ಪಾದದ ಹತ್ತಿರ ಅದು ಹಲವು ಪಟ್ಟಾಗಿ ಕಾಣುತ್ತದೆ. ಪಿನ್ ಬೆಲೆ ಅತಿ ಕಡಿಮೆ. ಹೊಸದು ಹಾಕಿದ ಮೇಲೆ ಪೆಡಲಿನಲ್ಲಿ ಸುಮಾರು 3 ಮಿಲಿಮೀಟರ್ ಖಾಲಿ ಆಟ ಇರಲಿ. ಆಟವೇ ಇಲ್ಲದಿದ್ದರೆ ಆಯಿಲ್ ಡಬ್ಬಿಗೆ ವಾಪಸ್ ಬರಲಾಗದೆ ಬ್ರೇಕ್ ತಾನೇ ಹಿಡಿದುಕೊಳ್ಳುತ್ತದೆ.

ಪೈಪ್ ಬದಲಾಯಿಸುವವರಿಗೆ ಒಂದು ಎಚ್ಚರಿಕೆ. ಇಂಗ್ಲಿಷ್ ಗಾಡಿಗಳಲ್ಲಿ ಇಂಚಿನ ಥ್ರೆಡ್. 3/8 ಇಂಚಿನ ನಟ್ಟೂ 10 ಎಂಎಂ ನಟ್ಟೂ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಬಲವಂತವಾಗಿ ತಿರುಗಿಸಿದರೆ ಒಳಗಿನ ಥ್ರೆಡ್ ಹಾಳಾಗಿ ಅಲ್ಲಿಂದಲೇ ಸೋರುತ್ತದೆ. ನಟ್ ಬೆರಳಲ್ಲೇ ನಾಲ್ಕೈದು ಸುತ್ತು ಹೋಗಬೇಕು. ಹೋಗದಿದ್ದರೆ ನಿಲ್ಲಿಸಿ.

ಕೊನೆಗೆ ಬ್ಲೀಡಿಂಗ್

ಬೇಕಾದದ್ದು: ಸೀಲ್ ಒಡೆಯದ ಡಾಟ್ 4 ಆಯಿಲ್, ನಿಪ್ಪಲಿಗೆ (ಗಾಳಿ, ಆಯಿಲ್ ಹೊರಬಿಡಲು ಚಕ್ರದ ಬ್ರೇಕಿನ ಹಿಂದೆ ಇರುವ ಸಣ್ಣ ತೂತಿನ ಸ್ಕ್ರೂ) ಸರಿಯಾಗಿ ಕೂರುವ ಇಂಚಿನ ರಿಂಗ್ ಸ್ಪ್ಯಾನರ್, ಪಾರದರ್ಶಕ ಸಣ್ಣ ಪೈಪು, ಗಾಜಿನ ಬಾಟಲಿ, ಮಾತು ಕೇಳಿ ಪೆಡಲ್ ಒತ್ತುವ ಒಬ್ಬರು. ಮೀನಿನ ತೊಟ್ಟಿಗೆ ಹಾಕುವ ಪೈಪು ಚೆನ್ನಾಗಿ ಕೂರುತ್ತದೆ. ಸಿಲಿಕೋನ್‌ನ ಡಾಟ್ 5 ಬೇರೆಯೇ ಜಾತಿ. ಅದನ್ನು 3 ಅಥವಾ 4ರ ಜೊತೆ ಬೆರೆಸಬೇಡಿ.

ಪೆಡಲಿನ ಕೆಳಗೆ ಒಂದು ಮರದ ತುಂಡು ಇಡಿ. ದಿನನಿತ್ಯ ಕಪ್ ಓಡಾಡುವ ಜಾಗ ನುಣುಪಾಗಿರುತ್ತದೆ, ಅದರಾಚೆ ಹಳೆಯ ಸಿಲಿಂಡರಿನಲ್ಲಿ ತುಕ್ಕು ಕೂತಿರುತ್ತದೆ. ಪೆಡಲ್ ನೆಲಕ್ಕೆ ತಾಗುವವರೆಗೆ ಒತ್ತಿದರೆ ಕಪ್ಪಿನ ಅಂಚು ಆ ತುಕ್ಕಿನ ಮೇಲೆ ಹೋಗಿ ಹರಿಯುತ್ತದೆ. ಬ್ಲೀಡಿಂಗ್ ಮಾಡಲು ಹೋಗಿ ಮಾಸ್ಟರ್ ಸಿಲಿಂಡರ್ ಹಾಳಾಯಿತು ಎನ್ನುವವರ ಕಥೆ ಬಹಳ ಸಲ ಇದೇ.

ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು ಮಾಡಿ. ನಮ್ಮ ಬಲಗಡೆ ಸ್ಟೀರಿಂಗ್ ಗಾಡಿಯಲ್ಲಿ ಸಾಮಾನ್ಯವಾಗಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ನಿಮ್ಮ ಗಾಡಿಯ ಮ್ಯಾನ್ಯುಯಲ್ ಬೇರೆ ಕ್ರಮ ಹೇಳಿದರೆ ಅದನ್ನೇ ಪಾಲಿಸಿ. ಪೈಪಿನ ಒಂದು ತುದಿ ನಿಪ್ಪಲಿಗೆ, ಇನ್ನೊಂದು ತುದಿ ಬಾಟಲಿಯಲ್ಲಿ ಸ್ವಲ್ಪ ಹೊಸ ಆಯಿಲಿನೊಳಗೆ ಮುಳುಗಿರಲಿ.

ನನಗೆ ಪೆಡಲ್ ಒತ್ತಲು ಕೂತವಳು ತಮ್ಮನ ಮಗಳು. ನಮ್ಮಿಬ್ಬರ ನಡುವೆ ಎರಡೇ ಮಾತು ಎಂದು ಮೊದಲೇ ಒಪ್ಪಂದ.

‘ದೊಡ್ಡಪ್ಪ, ಒತ್ತಿದೀನಿ.’

ಆಗ ನಾನು ನಿಪ್ಪಲ್ ಅರ್ಧ ಸುತ್ತು ಬಿಚ್ಚುತ್ತೇನೆ. ಆಯಿಲ್ ಬರುತ್ತದೆ, ಪೆಡಲ್ ಇಳಿಯುತ್ತದೆ. ಮುಚ್ಚುತ್ತೇನೆ.

‘ಬಿಡು ಪುಟ್ಟಿ, ಮೆಲ್ಲಗೆ.’

ನಾನು ಮುಚ್ಚಿದ ಮೇಲೇ ಅವಳು ಕಾಲು ಎತ್ತಬೇಕು. ಮುಂಚೆ ಎತ್ತಿದರೆ ಗಾಳಿ ಮತ್ತೆ ಒಳಗೆ. ಬೇಗಬೇಗ ಒತ್ತಿದರೆ ಗುಳ್ಳೆ ಒಡೆದು ನೊರೆಯಾಗಿ ಹೊರಗೆ ಬರುವುದೇ ಇಲ್ಲ. ಐದಾರು ಸಲಕ್ಕೊಮ್ಮೆ ಡಬ್ಬಿಗೆ ಆಯಿಲ್ ತುಂಬಿ. ಅದು ಒಮ್ಮೆ ಖಾಲಿಯಾದರೆ ಮೊದಲಿನಿಂದ ಶುರು. ಹೊರಗೆ ಬಂದ ಆಯಿಲನ್ನು ವಾಪಸ್ ಹಾಕಬೇಡಿ.

ಪೈಪಿನ ಕಡೆ ಕಣ್ಣಿಡಿ. ಮೊದಲು ದೊಡ್ಡ ಗುಳ್ಳೆ, ಆಮೇಲೆ ಸಾಸಿವೆಯಷ್ಟು ಸಣ್ಣವು, ಆಮೇಲೆ ಡಿಕಾಕ್ಷನ್ ಬಣ್ಣ ಹೋಗಿ ತಿಳಿ ಹಳದಿ. ಮೂರು ನಾಲ್ಕು ಸಲ ಒಂದೂ ಗುಳ್ಳೆ ಬರದಿದ್ದರೆ ಆ ಚಕ್ರ ಮುಗಿಯಿತು. ಕ್ಯಾಲಿಪರಿಗೆ ಮರದ ಹಿಡಿಯಿಂದ ಮೆಲ್ಲಗೆ ತಟ್ಟುತ್ತಿದ್ದರೆ ಅಂಟಿಕೊಂಡ ಗುಳ್ಳೆಗಳೂ ಏಳುತ್ತವೆ.

ಇಷ್ಟೆಲ್ಲ ಮಾಡಿದರೂ ನನ್ನ ಪೆಡಲ್ ಪೂರ್ತಿ ಗಟ್ಟಿಯಾಗಲಿಲ್ಲ. ಒಂದೂವರೆ ಲೀಟರ್ ಆಯಿಲ್ ಹೋಯಿತು. ಬನ್ನಿಮಂಟಪದ ಕಡೆ ಹಳೆಯ ಗಾಡಿ ಕೆಲಸ ಮಾಡುವ ಹಿರಿಯರೊಬ್ಬರು ಇದ್ದಾರೆ, ನಾವೆಲ್ಲ ಭಾಯ್ ಎನ್ನುತ್ತೇವೆ. ಅವರು ಮನೆಗೆ ಬಂದರು. ಪೆಡಲ್ ಒಂದೇ ಸಲ ಒತ್ತಿ ನೋಡಿ, ಮುಂದಿನ ಚಕ್ರ ಬಿಚ್ಚಿಸಿ, ಕುಕ್ಕರುಗಾಲಲ್ಲಿ ಕೂತು ಕ್ಯಾಲಿಪರಿನ ಸುತ್ತ ಬೆರಳಾಡಿಸಿದರು. ಬೆರಳು ನಿಪ್ಪಲಿನ ಮೇಲೆ ನಿಂತಿತು.

‘ಇದು ಯಾಕೆ ಸಾರ್ ಕೆಳಗಿದೆ?’

ಗಾಳಿ ಯಾವಾಗಲೂ ಮೇಲಕ್ಕೆ ಏರುತ್ತದೆ. ಅದಕ್ಕೇ ನಿಪ್ಪಲ್ ಕ್ಯಾಲಿಪರಿನ ಮೇಲ್ತುದಿಯಲ್ಲಿ ಇರಬೇಕು. ಹಿಂದೆ ಎಂದೋ ಗಾಡಿ ರಿಪೇರಿ ಮಾಡಿದ ಒಂದು ಗ್ಯಾರೇಜಿನಲ್ಲಿ ಎಡಗಡೆ ಕ್ಯಾಲಿಪರನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿದ್ದರು. ಬೋಲ್ಟ್ ಸರಿಯಾಗಿ ಕೂರುತ್ತದೆ, ಬ್ರೇಕೂ ಹಿಡಿಯುತ್ತದೆ. ಆದರೆ ನಿಪ್ಪಲ್ ಕೆಳಗೆ ಬರುತ್ತದೆ, ಮೇಲಿನ ಮೂಲೆಯಲ್ಲಿ ಗಾಳಿ ಉಳಿದೇಬಿಡುತ್ತದೆ. ಎರಡೂ ಕಡೆ ಒಂದೇ ತೊಂದರೆ ಇದ್ದದ್ದು ಅದಕ್ಕೇ. ಹೋಸ್ ಕ್ಲ್ಯಾಂಪ್ ಆವತ್ತೇ ಅದನ್ನು ತೋರಿಸಿತ್ತು. ಕ್ಯಾಲಿಪರ್ ಅದಲುಬದಲು ಮಾಡಿ, ಮತ್ತೆ ಬ್ಲೀಡ್ ಮಾಡಿದಾಗ ಎಡಗಡೆಯ ಪೈಪಿನಲ್ಲಿ ಗೇಣುದ್ದದ ಗಾಳಿ ಒಂದೇ ಏಟಿಗೆ ಹೊರಟುಹೋಯಿತು. ತಮ್ಮನ ಮಗಳು ಪೆಡಲ್ ಮೇಲಿಂದಲೇ ಕೂಗಿದಳು, ‘ದೊಡ್ಡಪ್ಪ, ಇದು ಇಳೀತಾನೇ ಇಲ್ಲ!’

ನಿಮ್ಮ ಗಾಡಿಯಲ್ಲಿ ಬ್ಲೀಡ್ ಮಾಡಿ ಮಾಡಿ ಸಾಕಾಗಿದ್ದರೆ ಮೊದಲು ನಿಪ್ಪಲ್ ಎಲ್ಲಿದೆ ನೋಡಿ.

ರಸ್ತೆಗೆ ಇಳಿಯುವ ಮುಂಚೆ

ಬ್ಯಾಟರಿಯ ಒಂದು ತಂತಿ ಬಿಚ್ಚಿ, ಇಲ್ಲದಿದ್ದರೆ ಬ್ರೇಕ್ ಲೈಟ್ ರಾತ್ರಿಯೆಲ್ಲ ಉರಿದು ಬ್ಯಾಟರಿ ಇಳಿಯುತ್ತದೆ. ಸೀಟಿಗೂ ಪೆಡಲಿಗೂ ನಡುವೆ ಒಂದು ಕೋಲು ಕೊಟ್ಟು ಪೆಡಲ್ ಒತ್ತಿದ ಹಾಗೇ ನಿಲ್ಲಿಸಿ. ಬೆಳಿಗ್ಗೆ ಕೋಲು ಸಡಿಲವಾಗಿ ಬಿದ್ದಿದ್ದರೆ ಇನ್ನೂ ಎಲ್ಲೋ ಬಿಡುತ್ತಿದೆ. ಪ್ರತಿ ನಟ್ಟು, ನಿಪ್ಪಲ್, ಹೋಸಿನ ಕೊನೆಗೆ ಒಣ ಟಿಶ್ಯೂ ಒತ್ತಿ ನೋಡಿ. ನಿಪ್ಪಲಿನ ರಬ್ಬರ್ ಟೊಪ್ಪಿ ಹಾಕುವುದನ್ನು ಮರೆಯಬೇಡಿ.

ಮೊದಲ ಓಟ ಖಾಲಿ ಮೈದಾನದಲ್ಲಿ. ನಡೆಯುವ ವೇಗದಲ್ಲಿ ಒಮ್ಮೆ, 20 ಕಿಲೋಮೀಟರ್ ವೇಗದಲ್ಲಿ ನಾಲ್ಕೈದು ಸಲ ನಿಲ್ಲಿಸಿ. ಗಾಡಿ ಒಂದು ಕಡೆಗೆ ಎಳೆಯುತ್ತಿದೆಯಾ ಗಮನಿಸಿ. ಆಮೇಲೆ ಬೆಳಿಗ್ಗೆ ಬೇಗ ಎದ್ದು, ವಾಹನ ಕಡಿಮೆ ಇರುವಾಗ, ರಿಂಗ್ ರಸ್ತೆಯಲ್ಲಿ ಒಂದು ಸುತ್ತು. ಬಂದು ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಮಾತ್ರ ಉಳಿದವಕ್ಕಿಂತ ಜಾಸ್ತಿ ಬಿಸಿ ಇದ್ದರೆ ಆ ಬ್ರೇಕ್ ಬಿಡುತ್ತಿಲ್ಲ. ಡಬ್ಬಿಯಲ್ಲಿ ಆಯಿಲ್ ಎಲ್ಲಿಯವರೆಗೆ ಇದೆ ಎಂದು ಒಂದು ಕಡ್ಡಿಯಲ್ಲಿ ಅಳೆದು ಗುರುತು ಮಾಡಿಡಿ. 100 ಕಿಲೋಮೀಟರ್ ಓಡಿದ ಮೇಲೆ ಅದೇ ಕಡ್ಡಿ ಇಳಿಸಿ ನೋಡಿ. ಆಯಿಲ್ ಗುರುತಿನಲ್ಲೇ ಇದ್ದರೆ, ಬೆಟ್ಟ ಹತ್ತಿ, ಹತ್ತಿದ ಗೇರಿನಲ್ಲೇ ಇಳಿಯಬಹುದು.